ಜೈಪುರದ ಕೋಟೆ, ಅರಮನೆ: ಎರಡು ದಿನದಲ್ಲಿ ನೋಡುವುದು ಹೇಗೆ?

ಜೈಪುರಕ್ಕೆ ಹೋದವರು ಹೆಚ್ಚಾಗಿ ಹೋಟೆಲಿಗೆ ಹತ್ತಿರ ಇರುವುದನ್ನು ಮೊದಲು ನೋಡಿ, ಮಟಮಟ ಮಧ್ಯಾಹ್ನ ಆಮೇರ್ ಕೋಟೆ ಹತ್ತುತ್ತಾರೆ. ಅಷ್ಟು ಹೊತ್ತಿಗೆ ಕಾಲೂ ಸೋತಿರುತ್ತದೆ, ಮನಸ್ಸೂ ಸೋತಿರುತ್ತದೆ. ಈ ಊರು ಸುತ್ತುವಾಗ ಮ್ಯಾಪ್‌ಗಿಂತ ಬಿಸಿಲಿನ ಲೆಕ್ಕ ಮುಖ್ಯ. ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಹೋಗಿಬನ್ನಿ.

ಮೊದಲು ಟಿಕೆಟ್. ಆಮೇರ್, ನಾಹರ್‌ಗಢ, ಹವಾ ಮಹಲ್, ಜಂತರ್ ಮಂತರ್ ಎಲ್ಲಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ. ಎರಡು ದಿನ ನಡೆಯುತ್ತದೆ. ವಿದ್ಯಾರ್ಥಿಗಳು ಗುರುತಿನ ಚೀಟಿ ತೋರಿಸಿದರೆ ರಿಯಾಯಿತಿ ಉಂಟು. ಸಿಟಿ ಪ್ಯಾಲೇಸ್, ಜೈಗಢಗಳಿಗೆ ಬೇರೆ ಟಿಕೆಟ್.

ಮೊದಲ ದಿನ ಬೆಟ್ಟದ ಮೇಲಿನ ಕೋಟೆಗಳು. ಊರಿನಿಂದ ಸುಮಾರು 11 ಕಿ.ಮೀ. ದೂರದ ಆಮೇರ್‌ಗೆ ಬೆಳಿಗ್ಗೆ 8ಕ್ಕೆ, ಬಾಗಿಲು ತೆರೆಯುವಾಗಲೇ ಇರಿ. ಆನೆ ಸವಾರಿ ಬೇಡ. ಆ ಕಲ್ಲುಹಾದಿಯಲ್ಲಿ ಆನೆಗೂ ಹಿಂಸೆ, ನಡೆದರೆ ನಮಗೇನೂ ಕಷ್ಟವಿಲ್ಲ. ಗಣೇಶ್ ಪೋಲ್ ಎಂಬ ಹೆಬ್ಬಾಗಿಲು ದಾಟಿದ ಕೂಡಲೇ ಶೀಶ್ ಮಹಲ್ ನೋಡಿಬಿಡಿ. ಗೋಡೆ ತುಂಬ ಪುಟ್ಟ ಪುಟ್ಟ ಕನ್ನಡಿ. ತಡವಾದರೆ ಸೆಲ್ಫಿ ಕೈಗಳಷ್ಟೇ ಕಾಣುತ್ತವೆ! ಅದರ ಎದುರಿನ ಸುಖ ನಿವಾಸವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಅಲ್ಲಿ ಕಾಲುವೆಯಲ್ಲಿ ನೀರು ಹರಿಸಿ, ಗಾಳಿಯನ್ನು ತಂಪು ಮಾಡುತ್ತಿದ್ದರು.

ಆಮೇರ್‌ನಿಂದಲೇ ಜೈಗಢದ ಕಡೆಗೆ ಸುರಂಗದಾರಿ ಇದೆ. ಜೈಗಢದಲ್ಲಿ 1720ರಲ್ಲಿ ಎರಕ ಹೊಯ್ದ, ಸುಮಾರು 50 ಟನ್ ತೂಗುವ ಜೈವಾಣ ಫಿರಂಗಿ ಇದೆ. ಪರೀಕ್ಷೆಗೆಂದು ಒಮ್ಮೆ ಹಾರಿಸಿದ್ದು ಬಿಟ್ಟರೆ ಯುದ್ಧ ಕಂಡದ್ದಿಲ್ಲ. ಮಳೆನೀರು ತುಂಬುವ ದೊಡ್ಡ ತೊಟ್ಟಿಗಳನ್ನೂ ನೋಡಿ. ಇಲ್ಲಿ ನಿಧಿ ಇದೆಯೆಂದು ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರವೇ ಹುಡುಕಾಟ ನಡೆಸಿತ್ತು.

ಸಂಜೆಗೆ ನಾಹರ್‌ಗಢ. ಒಂಬತ್ತು ರಾಣಿಯರಿಗೆ ಒಂದೇ ಥರದ ಒಂಬತ್ತು ಮನೆ ಕಟ್ಟಿಸಿದ್ದಾರೆ, ಜಗಳ ಬೇಡ ಅಂತ ಇರಬೇಕು. ವಾಪಸ್ ಬರಲು ಮೇಲೆ ಆಟೊ ಸಿಗುವುದು ಕಷ್ಟ. ಹೋಗಿಬರುವುದಕ್ಕೆ, ಕಾಯುವುದಕ್ಕೆ ಸೇರಿಸಿ ಮೊದಲೇ ರೇಟು ಮಾತಾಡಿಕೊಳ್ಳಿ.

ಎರಡನೇ ದಿನ ಪೇಟೆ. 1799ರ ಹವಾ ಮಹಲಿನ ಮುಂಭಾಗ ಪೂರ್ವಕ್ಕಿದೆ, ಹಾಗಾಗಿ ಬೆಳಗಿನ ಬೆಳಕೇ ಚಂದ. ಬಾಗಿಲನ್ನು ಮುಂದೆ ಹುಡುಕಬೇಡಿ, ಒಳಗೆ ಹೋಗುವುದು ಹಿಂದಿನಿಂದ.

ಜಂತರ್ ಮಂತರ್‌ಗೆ ಮಾತ್ರ ಬಿಸಿಲಲ್ಲೇ ಹೋಗಬೇಕು, ಬಿಸಿಲಿಲ್ಲದೆ ಅಲ್ಲಿನ ನೆರಳಿನ ಯಂತ್ರಗಳು ಕೆಲಸ ಮಾಡವು. 1727ರಲ್ಲಿ ಜೈಪುರ ಕಟ್ಟಲು ಶುರುಮಾಡಿದ ರಾಜ ಸವಾಯಿ ಜೈಸಿಂಗ್ ಕಟ್ಟಿಸಿದ ಖಗೋಳ ವೀಕ್ಷಣಾಲಯ ಇದು. ಸುಮಾರು 27 ಮೀಟರ್ ಎತ್ತರದ ಸಾಮ್ರಾಟ್ ಯಂತ್ರ ಎಂಬ ನೆರಳು ಗಡಿಯಾರದ ನೆರಳು ನಿಮಿಷಕ್ಕೆ ಸುಮಾರು 6 ಸೆಂಟಿಮೀಟರ್ ಸರಿಯುತ್ತದೆ. ಅದರ ಅಂಚು ಎಲ್ಲಿದೆ ಎಂದು ಗುರುತಿಟ್ಟುಕೊಂಡು ಸುಮ್ನೆ ನಿಂತು ನೋಡಿ. ಅದು ತೋರಿಸುವ ಸಮಯ ನಿಮ್ಮ ವಾಚಿಗಿಂತ ಹಿಂದಿರುತ್ತದೆ. ಯಂತ್ರ ತಪ್ಪಿದ್ದಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಜೈಪುರ ಅದಕ್ಕಿಂತ ಪಶ್ಚಿಮಕ್ಕಿದೆ, ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ತಡ. ಇಲ್ಲಿ ಗೈಡ್ ಇದ್ದರೆ ಒಳ್ಳೆಯದು, ಇಲ್ಲವಾದರೆ ಬರೀ ಗೋಡೆ, ಮೆಟ್ಟಿಲು.

ಬಿಸಿಲು ಸಾಕೆನಿಸಿದಾಗ ಪಕ್ಕದ ಸಿಟಿ ಪ್ಯಾಲೇಸ್‌ಗೆ ಬನ್ನಿ. 1902ರಲ್ಲಿ ಇಂಗ್ಲೆಂಡಿಗೆ ಹೊರಟ ಜೈಪುರದ ಮಹಾರಾಜ ಮಾಧೋಸಿಂಗ್ ಗಂಗಾಜಲ ಒಯ್ದ ಭಾರೀ ಬೆಳ್ಳಿ ಹಂಡೆಗಳು ಇಲ್ಲಿವೆ. ಒಂದೊಂದೂ ಸುಮಾರು 345 ಕೆ.ಜಿ. ರಾಜಮನೆತನ ಈಗಲೂ ಬಳಸುವ ಚಂದ್ರ ಮಹಲ್‌ನ ಮೇಲಿನ ಕೋಣೆಗಳಿಗೆ ಇನ್ನೊಂದು ಟಿಕೆಟ್ ಇದೆ, ಅದು ದುಬಾರಿ. ಅದನ್ನು ಬಿಟ್ಟರೂ ನಡೆಯುತ್ತದೆ. ಆದರೆ ನಾಲ್ಕು ಋತುಗಳ ನಾಲ್ಕು ಬಾಗಿಲಿರುವ ಪ್ರೀತಮ್ ನಿವಾಸ್ ಚೌಕವನ್ನು ತಪ್ಪಿಸಬೇಡಿ, ಅದಕ್ಕೆ ಸಾಮಾನ್ಯ ಟಿಕೆಟ್ಟೇ ಸಾಕು.