ಹಗ್ಗ ಸ್ವಲ್ಪ ಬಿಡಿ ಮೇಡಂ

ನನ್ನ ಹತ್ತಿರ ಬಂದ ಆ ರೋಗಿ ಮಲೆನಾಡಿನ ಕಡೆಯವರು, ಅಡಿಕೆ ಕೊನೆ ತೆಗೆಯುವ ಕೆಲಸ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಪುಣ್ಯಕ್ಕೆ ಕಾಲಿನ ಶಕ್ತಿ ಪೂರ್ತಿ ಹೋಗಿರಲಿಲ್ಲ. ಬಲಗಾಲು ಎತ್ತುತ್ತಿದ್ದರು, ಎಡ ಮಂಡಿ ಮಾತ್ರ ಭಾರ ಬಿದ್ದ ಕೂಡಲೇ ಮಡಚಿಕೊಳ್ಳುತ್ತಿತ್ತು. ಇಂಥವರನ್ನು ಮೊದಲೆಲ್ಲ ನಾವು ಇಬ್ಬರು ಫಿಸಿಯೋಗಳು ಎರಡೂ ಪಕ್ಕ ಹಿಡಿದು ನಡೆಸುತ್ತಿದ್ದೆವು. ಬೀಳದಂತೆ ಹಿಡಿಯುವುದರಲ್ಲೇ ಜೀವ ಹೋಗುತ್ತಿತ್ತು. ಹೆಜ್ಜೆ ಹೇಗೆ ಊರುತ್ತಿದ್ದಾರೆ ಅಂತ ನೋಡುವುದಕ್ಕೆ ಪುರಸೊತ್ತೇ ಇರುತ್ತಿರಲಿಲ್ಲ.

ಈಗ ನಮ್ಮಲ್ಲಿ ಚಾವಣಿಗೆ ಹಳಿ ಇದೆ. ಅದರಲ್ಲಿ ಮೋಟಾರು ಪೆಟ್ಟಿಗೆ ರೋಗಿಯ ಜೊತೆಗೇ ಸರಿಯುತ್ತದೆ, ಅದರಿಂದ ಇಳಿದ ಹಗ್ಗವನ್ನು ಅವರು ತೊಟ್ಟ ಹಾರ್ನೆಸ್‌ಗೆ, ಅಂದರೆ ಮೈಗೆ, ತೊಡೆಗೆ ಬಿಗಿಯುವ ಪಟ್ಟಿಗಳ ಕವಚಕ್ಕೆ ಸಿಕ್ಕಿಸುತ್ತೇವೆ. ನಡೆಯುವಾಗ ಮೈ ಪ್ರತಿ ಹೆಜ್ಜೆಗೂ ನಾಲ್ಕೈದು ಸೆಂಟಿಮೀಟರ್ ಏರಿಳಿಯುತ್ತದೆ. ಬರೀ ಹಗ್ಗ ಬಿಗಿದರೆ ಇಳಿದಾಗ ಜಗ್ಗುತ್ತದೆ, ಏರಿದಾಗ ಜೋಲುತ್ತದೆ. ಮೋಟಾರು ಹಗ್ಗ ಬಿಡುತ್ತ, ಸುತ್ತಿಕೊಳ್ಳುತ್ತ ಎಳೆತವನ್ನು ಒಂದೇ ಸಮ ಇಡುತ್ತದೆ. ಮಂಡಿ ಕುಸಿದರೆ ತಕ್ಷಣ ಹಿಡಿದುಕೊಳ್ಳುತ್ತದೆ.

ನಾನು ತಪ್ಪಿದ್ದು ಎಳೆತ ಎಷ್ಟಿರಬೇಕು ಎನ್ನುವಲ್ಲಿ. ಅವರ ತೂಕ 62 ಕಿಲೋ, ನಾನು 40 ಕಿಲೋ ಹಗ್ಗಕ್ಕೇ ಕೊಟ್ಟುಬಿಟ್ಟಿದ್ದೆ. ಮೊದಲ ದಿನವೇ ಸರಾಗವಾಗಿ ನಡೆದರು, ಅವರ ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ನನಗೂ ಸಂತೋಷ. ಮೂರನೇ ದಿನ ಅವರೇ ಅಂದರು: "ಹಗ್ಗ ಸ್ವಲ್ಪ ಬಿಡಿ ಮೇಡಂ, ಕಾಲಿಗೆ ನೆಲ ಸಿಗ್ತಾ ಇಲ್ಲ." ಬಗ್ಗಿ ನೋಡಿದೆ. ಹಿಮ್ಮಡಿ ಊರುತ್ತಲೇ ಇಲ್ಲ, ತುದಿಗಾಲಲ್ಲೇ ತೇಲುತ್ತಿದ್ದಾರೆ. ಇಪ್ಪತ್ತು ವರ್ಷ ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು ಮರ ಹತ್ತಿದ ಮನುಷ್ಯ, ಹಗ್ಗ ಎಷ್ಟು ಬಿಗಿ ಇರಬೇಕು ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. 25 ಕಿಲೋಗೆ ಇಳಿಸಿದೆ. ಮಂಡಿ ನಡುಗಿತು, ನಾಲ್ಕು ಸಲ ಕುಸಿಯಿತು, ನಾಲ್ಕು ಸಲವೂ ಹಗ್ಗ ಹಿಡಿಯಿತು. ಮಂಡಿ ಕೆಲಸ ಶುರುಮಾಡಿದ್ದು ಆ ದಿನ. ಅಲ್ಲಿಂದ ಮುಂದೆ, ಮಂಡಿ ಭಾರ ತಡೆದುಕೊಂಡಷ್ಟೂ ಎಳೆತ ಇಳಿಸುತ್ತ ಹೋದೆ.

ಹಾರ್ನೆಸ್ ತೊಡಿಸುವುದನ್ನು ಎಂದೂ ಅವಸರದಲ್ಲಿ ಮಾಡಬೇಡಿ. ಸ್ಪರ್ಶಜ್ಞಾನ ಕಡಿಮೆ ಇದ್ದವರಿಗೆ ತೊಡೆಸಂದಿನ ಪಟ್ಟಿ ಒತ್ತಿದರೂ ಗೊತ್ತಾಗುವುದಿಲ್ಲ. ಬಿಚ್ಚಿದ ಮೇಲೆ ಚರ್ಮ ಕೆಂಪಾಗಿದೆಯಾ ಅಂತ ದಿನವೂ ನೋಡಬೇಕು. ಮೂತ್ರದ ನಳಿಕೆ ಪಟ್ಟಿಯಡಿ ಸಿಕ್ಕಿಕೊಂಡಿದೆಯಾ, ಅದನ್ನೂ. ಮೊದಮೊದಲು ನಿಲ್ಲಿಸಿದಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರಬಹುದು, ಆದ್ದರಿಂದ ಬಿಪಿ ನೋಡದೆ ನಾನು ಹೆಜ್ಜೆ ಇಡಿಸುವುದಿಲ್ಲ.

ಊರುಗಳಲ್ಲಿ ಕೆಲಸ ಮಾಡುವ ಫಿಸಿಯೋಗಳು "ನಮ್ಮಲ್ಲಿ ಈ ಯಂತ್ರ ಇಲ್ಲವಲ್ಲ" ಅಂತ ಕೊರಗುವುದನ್ನು ಕೇಳಿದ್ದೇನೆ. ಅಷ್ಟು ಕೊರಗಬೇಕಿಲ್ಲ. 2011ರಲ್ಲಿ ಅಮೆರಿಕದಲ್ಲಿ ಪಾರ್ಶ್ವವಾಯು ಆದ 408 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಹಗ್ಗದಲ್ಲಿ ತೂಗಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದ ರೋಗಿಗಳು, ಮನೆಯಲ್ಲೇ ಫಿಸಿಯೋ ಹತ್ತಿರ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಿಸಿರಲಿಲ್ಲ. ಪ್ಯಾರಲಲ್ ಬಾರ್ (ಎರಡೂ ಪಕ್ಕ ಹಿಡಿದು ನಡೆಯುವ ಕಂಬಿಗಳು) ಇದ್ದರೆ ಅದರಲ್ಲೇ ಶುರುಮಾಡಿ, ದಿನ ತಪ್ಪಿಸಬೇಡಿ.

ಅವರು ಊರಿಗೆ ಹೋದದ್ದು ವಾಕರ್ ಹಿಡಿದು, ಎಡ ಪಾದಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು. ಮರ ಹತ್ತುವುದು ಇನ್ನಿಲ್ಲ. ಅಂಗಳ ದಾಟಿ ಕೊಟ್ಟಿಗೆಯವರೆಗೆ ಒಬ್ಬರೇ ಹೋಗಿಬರುತ್ತೇನೆ ಅಂತ ಮೊನ್ನೆ ಫೋನ್ ಮಾಡಿದ್ದರು.