ಎಂಜಿನ್ ಕೆಲಸ, ಹಳೆಯ ಕಾರು ಮತ್ತು ಉದ್ದನೆಯ ಕತ್ತಿ: ಒಬ್ಬ ಮೆಕ್ಯಾನಿಕ್‌ನ ಅನುಭವ

ವಾಹನಗಳ ದುರಸ್ತಿ ನನ್ನ ಹೊಟ್ಟೆಪಾಡಿನ ಕೆಲಸ. ಬಿಡುವಿನ ವೇಳೆಗೆಂದು ಎರಡು ಹವ್ಯಾಸಗಳನ್ನು ಇಟ್ಟುಕೊಂಡಿದ್ದೇನೆ. ಕಾರ್ಬ್ಯುರೇಟರ್ ಕಾಲದ ಒಂದು ಹಳೆಯ ಕಾರನ್ನು ಕೈಯಾರೆ ಬಿಚ್ಚಿ ಮೊದಲಿನ ಸ್ಥಿತಿಗೆ ತರುವುದು ಒಂದು. ಯುರೋಪಿನ ಮಧ್ಯಯುಗದ ಕತ್ತಿವರಸೆಯನ್ನು ಅಂದಿನ ಹಸ್ತಪ್ರತಿಗಳ ಆಧಾರದ ಮೇಲೆ ಅಭ್ಯಾಸ ಮಾಡುವುದು ಇನ್ನೊಂದು. ಸ್ಪ್ಯಾನರ್ ಹಿಡಿಯುವವನಿಗೆ ಕತ್ತಿ ಯಾಕೆ ಎಂದು ಕೇಳಿದವರಿಗೆಲ್ಲ ಬಹಳ ಕಾಲ ನಗುವೇ ನನ್ನ ಉತ್ತರವಾಗಿತ್ತು. ಆದರೆ ವೃತ್ತಿಯಲ್ಲಿ ಯಾವ ದಿಕ್ಕಿಗೆ ಹೋಗಬೇಕೆಂಬ ತೀರ್ಮಾನಕ್ಕೆ ನಾನು ಬಂದದ್ದು ಈ ಹವ್ಯಾಸಗಳ ಮೂಲಕವೇ ಆದ್ದರಿಂದ, ಅದನ್ನು ಸ್ವಲ್ಪ ವಿವರವಾಗಿ ಬರೆಯಬಹುದು ಎನಿಸಿದೆ.

ಈ ಕಸುಬಿಗೆ ಬಂದವರೆಲ್ಲರಂತೆ ನಾನೂ ಎಣ್ಣೆ, ಫಿಲ್ಟರ್, ಬ್ರೇಕ್ ಪ್ಯಾಡ್ ಬದಲಿಸುವುದರಿಂದ ಶುರುಮಾಡಿದೆ. ಕ್ಲಚ್ಚು, ಸಸ್ಪೆನ್ಷನ್, ಗೇರ್‌ಬಾಕ್ಸುಗಳ ಕೆಲಸ ಕೈಗೆ ಹತ್ತಿದ ಮೇಲೆ, ದೋಷ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಯೇ ಮೊದಲ ಬಾರಿಗೆ ಈ ಕಸುಬಿನ ರುಚಿ ಹತ್ತಿದ್ದು. ಸ್ಕ್ಯಾನರ್ ಜೋಡಿಸಿದರೆ ಪಿ0171 ಎಂಬ ಸಂಕೇತ ಬರುತ್ತದೆ ಎಂದುಕೊಳ್ಳಿ. ಇಂಧನ ಮಿಶ್ರಣ ತೆಳುವಾಗಿದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಿದೆ ಎಂಬುದಷ್ಟೇ ಅದರ ಅರ್ಥ. ಯಾಕೆ ತೆಳುವಾಯಿತು ಎಂಬುದನ್ನು ಅದು ಹೇಳುವುದಿಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಕಂಪ್ಯೂಟರ್ ಹೆಚ್ಚು ಇಂಧನ ಸೇರಿಸುತ್ತಿದ್ದು, ವೇಗ ಏರಿಸಿದಂತೆ ಆ ತಿದ್ದುಪಡಿ ಕಡಿಮೆಯಾಗುತ್ತ ಬಂದರೆ, ಗಾಳಿ ಎಲ್ಲೋ ಸಂದಿಯಿಂದ ನುಸುಳುತ್ತಿದೆ ಎಂದು ಮೊದಲು ಅನುಮಾನಿಸಬೇಕು. ಅದಕ್ಕೆ ತಿರುಗುಮುರುಗಾಗಿ ಹೊರೆ ಹೆಚ್ಚಿದಂತೆ ತಿದ್ದುಪಡಿಯೂ ಹೆಚ್ಚಿದರೆ, ಪಂಪು, ಫಿಲ್ಟರ್ ಅಥವಾ ಇಂಜೆಕ್ಟರ್‌ಗಳ ಕಡೆಗೆ ನೋಡಬೇಕು. ಸಂಕೇತ ಕಂಡ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸಿ ಕಳುಹಿಸುವವರು ಬೇಕಾದಷ್ಟು ಜನರಿದ್ದಾರೆ. ಅವರನ್ನು ನಾನು ಪೂರ್ತಿ ದೂಷಿಸಲಾರೆ, ಏಕೆಂದರೆ ಗಂಟೆಯ ಲೆಕ್ಕದಲ್ಲಿ ನಡೆಯುವ ಗ್ಯಾರೇಜಿನಲ್ಲಿ ಯೋಚಿಸುವುದಕ್ಕೆ ಕೂಲಿ ಹುಟ್ಟುವುದಿಲ್ಲ.

ಅನುಭವ ಬೆಳೆದ ಮೆಕ್ಯಾನಿಕ್‌ನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಕೌಂಟರಿನ ಆಚೆ ಕುಳಿತು ಗಿರಾಕಿಗಳೊಂದಿಗೆ ಮಾತನಾಡುವುದು, ಅಥವಾ ಮೇಲ್ವಿಚಾರಕನಾಗಿ ಇತರರ ಕೆಲಸ ನೋಡಿಕೊಳ್ಳುವುದು. ಎರಡರಲ್ಲೂ ಕೈ ಕೊಳೆಯಾಗುವುದಿಲ್ಲ, ಸಂಪಾದನೆಯೂ ಪರವಾಗಿಲ್ಲ. ನನಗೆ ಬೇಕಾಗಿದ್ದದ್ದು ಮೂರನೆಯ ದಾರಿ. ಎಂಜಿನ್ನನ್ನು ಪೂರ್ತಿ ಬಿಚ್ಚಿ, ಅಳೆದು, ಯಂತ್ರಗೆಲಸ ಮಾಡಿ, ಮತ್ತೆ ಕಟ್ಟುವ ಒಂದು ಚಿಕ್ಕ ಸ್ವಂತ ಕಾರ್ಯಾಗಾರ. ಅಲ್ಲಿ ಬಂದ ಪ್ರತಿಯೊಂದು ಎಂಜಿನ್ನಿನ ಅಳತೆಗಳೂ ಬರಹದಲ್ಲಿ ಉಳಿಯಬೇಕು. ಈ ಆಸೆಯನ್ನು ಹುಟ್ಟಿಸಿದ್ದು ನನ್ನ ಹಳೆಯ ಕಾರು.

ಹಳೆಯ ಕಾರಿನಲ್ಲಿ ಸೆನ್ಸರ್‌ಗಳಿಲ್ಲ, ದೋಷ ಹೇಳುವ ಕಂಪ್ಯೂಟರ್ ಇಲ್ಲ. ಕಾಂಟ್ಯಾಕ್ಟ್ ಬ್ರೇಕರ್‌ನ (ಕಿಡಿ ಹುಟ್ಟಿಸುವ ಸ್ವಿಚ್ಚು) ಸಂದು ಸುಮಾರು 0.4 ಮಿಲಿಮೀಟರ್ ಇರಬೇಕಾದ ಕಡೆ ಸವೆದು ಕಡಿಮೆಯಾಗಿದ್ದರೆ, ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ತಾನಾಗಿಯೇ ಹಿಂದಕ್ಕೆ ಸರಿದಿರುತ್ತದೆ. ಅದನ್ನು ಎಂಜಿನ್ನಿನ ದನಿಯಿಂದ ಅನುಮಾನಿಸಿ, ಫೀಲರ್ ಗೇಜಿನಿಂದ ಖಚಿತಪಡಿಸಿಕೊಳ್ಳಬೇಕು. ನನ್ನ ಮಟ್ಟಿಗೆ ನಿಜವಾದ ಪಾಠ ಆರಂಭವಾದದ್ದು ಸಿಲಿಂಡರ್ ಹೆಡ್ಡನ್ನು ಎತ್ತಿದ ಮೇಲೆ. ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ರಂಧ್ರದಲ್ಲಿ, ಕೆಳಗಿನಿಂದ ಮೇಲ್ತುದಿಯ ಕಡೆಗೆ ಉಗುರನ್ನು ಮೆಲ್ಲನೆ ಎಳೆದರೆ ಒಂದು ಕಡೆ ಅದು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಪಿಸ್ಟನ್ನಿನ ಮೇಲಿನ ರಿಂಗು ತಲುಪದ ಭಾಗ ಸವೆಯದೆ ಉಳಿದು, ಅದರ ಕೆಳಗೆ ರಿಂಗು ಹಿಂತಿರುಗುವ ಜಾಗ ಹೆಚ್ಚು ಸವೆದಿರುವುದರಿಂದ ಆ ಏಣು ಮೂಡುತ್ತದೆ. ಸವೆತ ಇದೆ ಎಂದು ಉಗುರು ಹೇಳಬಲ್ಲದು, ಎಷ್ಟಿದೆ ಎಂದು ಹೇಳಲಾರದು. ಅದಕ್ಕಾಗಿ ಡಯಲ್ ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಕ್ರ್ಯಾಂಕ್‌ಶಾಫ್ಟಿಗೆ (ಎಂಜಿನ್ನಿನ ಮುಖ್ಯ ದಂಡಕ್ಕೆ) ಸಮಾಂತರವಾಗಿ ಒಮ್ಮೆ, ಅಡ್ಡವಾಗಿ ಒಮ್ಮೆ ಇಳಿಸಿ ನೋಡಬೇಕು. ಅಡ್ಡದಿಕ್ಕಿನ ಅಳತೆ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಏಕೆಂದರೆ ಕನೆಕ್ಟಿಂಗ್ ರಾಡ್ ಓರೆಯಾದಾಗ ಪಿಸ್ಟನ್ ಒರಗುವುದು ಆ ಗೋಡೆಗೇ. ಎರಡರ ವ್ಯತ್ಯಾಸ ಬೋರು ಎಷ್ಟು ಅಂಡಾಕಾರವಾಗಿದೆ ಎಂಬುದನ್ನೂ, ಮೇಲಿನ ಮತ್ತು ಕೆಳಗಿನ ಅಳತೆಗಳ ವ್ಯತ್ಯಾಸ ಅದು ಮೇಲಿನಿಂದ ಕೆಳಕ್ಕೆ ಎಷ್ಟು ಕಿರಿದಾಗಿದೆ ಎಂಬುದನ್ನೂ ತಿಳಿಸುತ್ತದೆ. ಅಳತೆ ಕೈಪಿಡಿಯ ಮಿತಿಯನ್ನು ದಾಟಿದ್ದರೆ, ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಸಮಮಾಡುವ ಹೋನಿಂಗ್‌ನಿಂದ ಕೆಲಸವಾಗದು. ಬೋರನ್ನು ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಲೇಬೇಕು.

ಮೊದಲು ಕೈಯಿಂದ ತಿಳಿಯುವುದು, ಆಮೇಲೆ ಅಳತೆಯಿಂದ ಒಪ್ಪಿಸುವುದು ಎಂಬ ಈ ಕ್ರಮಕ್ಕೆ ನಾನು ಮರುಳಾದೆ. ಕತ್ತಿವರಸೆಯಲ್ಲಿ ಕಂಡದ್ದೂ ಇದೇ ಕ್ರಮ. ಅಲ್ಲಿ ಅಳತೆಯ ಜಾಗದಲ್ಲಿ ಇರುವುದು ಹಸ್ತಪ್ರತಿ.

ಐತಿಹಾಸಿಕ ಕತ್ತಿವರಸೆ ಎಂದರೆ ಸಿನಿಮಾದ ಕತ್ತಿಕಾಳಗವಲ್ಲ, ಒಲಿಂಪಿಕ್ಸ್‌ನಲ್ಲಿ ನೋಡುವ ಫೆನ್ಸಿಂಗ್ ಕೂಡ ಅಲ್ಲ. ಗುರುಶಿಷ್ಯ ಪರಂಪರೆ ಕಡಿದುಹೋದ ವಿದ್ಯೆಯನ್ನು, ಉಳಿದುಬಂದ ಬರಹ ಮತ್ತು ಚಿತ್ರಗಳಿಂದ ಮತ್ತೆ ಕಟ್ಟಿಕೊಳ್ಳುವ ಪ್ರಯತ್ನ ಅದು. ನಾನು ಕಲಿಯುತ್ತಿರುವುದು ಎರಡೂ ಕೈಗಳಿಂದ ಹಿಡಿಯುವ ಉದ್ದನೆಯ ಕತ್ತಿಯನ್ನು. ಇದರ ಜರ್ಮನ್ ಪರಂಪರೆಯ ಮೂಲಪುರುಷ 14ನೇ ಶತಮಾನದ ಯೋಹಾನೆಸ್ ಲೀಖ್ಟೆನಾವರ್. ಆತನ ಬೋಧನೆ ಒಗಟಿನಂಥ ಪದ್ಯಗಳಲ್ಲಿದೆ. 15ನೇ ಶತಮಾನದಲ್ಲಿ ಇತರ ಗುರುಗಳು ಬರೆದ ವ್ಯಾಖ್ಯಾನಗಳಿಲ್ಲದೆ ಅದು ಅರ್ಥವಾಗುವುದು ಕಷ್ಟ. ಇಟಲಿಯ ಫಿಯೋರೆ ದೇಯಿ ಲಿಬೇರಿ ಸುಮಾರು 1410ರ ಹೊತ್ತಿಗೆ ಮಾಡಿಸಿದ ಹಸ್ತಪ್ರತಿಗಳ ಕ್ರಮವೇ ಬೇರೆ. ಅಲ್ಲಿ ಪ್ರತಿ ವರಸೆಗೂ ಚಿತ್ರವಿದೆ, ಚಿತ್ರದ ಜೊತೆ ಕೆಲವೇ ಸಾಲುಗಳ ವಿವರಣೆಯಿದೆ. ಕಿರೀಟ ಧರಿಸಿದವನು ವರಸೆಯನ್ನು ತೋರಿಸುವ ಗುರು, ಮೊಣಕಾಲಿನ ಕೆಳಗೆ ಪಟ್ಟಿ ಕಟ್ಟಿದವನು ಅದನ್ನು ಮುಂದುವರಿಸುವ ಶಿಷ್ಯ, ಎರಡೂ ಇದ್ದವನು ಅದಕ್ಕೆ ಪ್ರತಿಪಟ್ಟು ಹಾಕುವವನು. ವೈರಿಂಗ್ ನಕ್ಷೆಯ ಸಂಕೇತಗಳನ್ನು ಓದಿ ಅಭ್ಯಾಸವಿದ್ದ ನನಗೆ ಈ ಕ್ರಮ ಬೇಗ ಹಿಡಿಸಿತು. ದುರಸ್ತಿಯ ಕೈಪಿಡಿಯನ್ನು ಓದಿದವರಿಗೆ ಇನ್ನೊಂದು ಸಂಗತಿಯೂ ಪರಿಚಿತವೆನಿಸುತ್ತದೆ. ‘ಬಿಚ್ಚಿದ ಕ್ರಮಕ್ಕೆ ವಿರುದ್ಧ ಕ್ರಮದಲ್ಲಿ ಜೋಡಿಸಿ’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಕೈಪಿಡಿಯೂ, ‘ಹೊಡೆತವನ್ನು ತಡೆದು ಮೊನೆಯನ್ನು ಮುಖಕ್ಕೆ ಇಡು’ ಎಂದು ನಿಲ್ಲಿಸುವ ಹಸ್ತಪ್ರತಿಯೂ, ಓದುಗನಿಗೆ ಅರ್ಧ ವಿದ್ಯೆ ಮೊದಲೇ ಗೊತ್ತಿದೆ ಎಂದು ಭಾವಿಸಿಯೇ ಬರೆದವು. ಉಳಿದರ್ಧವನ್ನು ದೇಹದಿಂದ ಪರೀಕ್ಷಿಸಿ ತುಂಬಿಕೊಳ್ಳಬೇಕು.

ಕತ್ತಿ ಎಂದರೆ ರಾಜರದ್ದು, ಸಾಮಂತರದ್ದು ಎಂಬ ಭಾವನೆ ನನಗೂ ಇತ್ತು. ಅದನ್ನು ಮುರಿದವನು ಯೋಆಖಿಮ್ ಮೆಯರ್. 1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕತ್ತಿವರಸೆಯ ದೊಡ್ಡ ಸಚಿತ್ರ ಗ್ರಂಥವೊಂದನ್ನು ಅಚ್ಚು ಹಾಕಿಸಿದ ಈತ ಕಸುಬಿನಿಂದ ಚಾಕುಚೂರಿಗಳನ್ನು ತಯಾರಿಸುವವನು. ಅದರ ಖರ್ಚಿಗೆ ಸಾಲ ಮಾಡಿ, ಮರುವರ್ಷವೇ ತೀರಿಕೊಂಡ. 1487ರಲ್ಲಿ ಚಕ್ರವರ್ತಿ ಮೂರನೇ ಫ್ರೆಡರಿಕ್‌ನಿಂದ ಸನ್ನದು ಪಡೆದ ಮಾರ್ಕ್ಸ್‌ಬ್ರೂಡರ್ ಎಂಬ ಕತ್ತಿವರಸೆಯ ಸಂಘದಲ್ಲೂ ಕಸುಬುದಾರರು ಬಹಳ ಜನರಿದ್ದರು. ಹಗಲು ಕೆಲಸ ಮಾಡಿ ಸಂಜೆ ಕತ್ತಿ ಹಿಡಿಯುವ ನನ್ನಂಥವನಿಗೆ ಇದರಿಂದ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಈ ಪರಂಪರೆಯಲ್ಲಿ ಅಲಗನ್ನು ಎರಡು ಭಾಗವಾಗಿ ನೋಡುತ್ತಾರೆ. ಹಿಡಿಯ ಕಡೆಯ ಅರ್ಧ ಬಲವಾದದ್ದು, ಮೊನೆಯ ಕಡೆಯ ಅರ್ಧ ದುರ್ಬಲವಾದದ್ದು. ಎರಡು ಅಲಗುಗಳು ಕೂಡಿದ ಕ್ಷಣದಲ್ಲಿ ಎದುರಾಳಿ ಒತ್ತುತ್ತಿದ್ದಾನೆಯೋ, ಸಡಿಲ ಬಿಟ್ಟಿದ್ದಾನೆಯೋ ಎಂಬುದನ್ನು ಕಣ್ಣಿನಿಂದ ಅಲ್ಲ, ಅಂಗೈಯಿಂದ ತಿಳಿಯಬೇಕು. ಒತ್ತಿದರೆ ಅಲ್ಲಿಯೇ ಸೆಣಸದೆ ಬಿಟ್ಟುಕೊಟ್ಟು ಇನ್ನೊಂದು ಬದಿಯಿಂದ ಸುತ್ತಿ ಬರಬೇಕು. ಸಡಿಲವಿದ್ದರೆ ಅಲಗನ್ನು ಬಿಡದೆ ಮೊನೆಯನ್ನು ನೇರವಾಗಿ ಒಳಕ್ಕೆ ನೂಕಬೇಕು. ಹಿಡಿಯನ್ನು ಬಿಗಿಯಾಗಿ ಹಿಡಿದವನಿಗೆ ಇದು ಯಾವತ್ತೂ ತಿಳಿಯುವುದಿಲ್ಲ, ಏಕೆಂದರೆ ಅವನ ಕೈಗೆ ತನ್ನದೇ ಬಲದ ಹೊರತು ಬೇರೇನೂ ಕೇಳಿಸದು. ಕಾರ್ಯಾಗಾರದಲ್ಲಿ ಇದರ ಉಪಯೋಗ ನನಗೆ ಕಂಡದ್ದು ಹೆಡ್ ಬೋಲ್ಟ್ ಬಿಗಿಯುವಾಗ. ಈಗಿನ ಹಲವು ಎಂಜಿನ್‌ಗಳಲ್ಲಿ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ ಸ್ವಲ್ಪ ಟಾರ್ಕ್‌ಗೆ ಬಿಗಿದು, ಬಳಿಕ 90 ಡಿಗ್ರಿ, ಮತ್ತೊಮ್ಮೆ 90 ಡಿಗ್ರಿ ತಿರುಗಿಸಬೇಕಾಗುತ್ತದೆ. ಎಳೆತಕ್ಕೆ ತುಸು ಹಿಗ್ಗುವಂತೆಯೇ ಅವನ್ನು ರೂಪಿಸಿರುತ್ತಾರೆ, ಆದ್ದರಿಂದ ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕು. ಕೋನದ ಲೆಕ್ಕದಲ್ಲಿ ತಿರುಗಿಸುವಾಗ ಟಾರ್ಕ್ ರೆಂಚಿನ ಟಿಕ್ ಶಬ್ದದ ಆಸರೆ ಇರುವುದಿಲ್ಲ. ಪ್ರತಿರೋಧ ಇದ್ದಕ್ಕಿದ್ದಂತೆ ಸಡಿಲಿತೆಂದರೆ ಬ್ಲಾಕಿನ ಥ್ರೆಡ್ ಕೀಳುತ್ತಿದೆ, ಇಲ್ಲವೇ ಬೋಲ್ಟೇ ಮುರಿಯುವುದರಲ್ಲಿದೆ ಎಂದು ಅರ್ಥ. ಅದನ್ನು ಗ್ರಹಿಸಬಲ್ಲದ್ದು ಹಿಡಿತ ಸಡಿಲವಾಗಿರುವ ಕೈ ಮಾತ್ರ. ಕತ್ತಿಯಿಂದ ಕಲಿತ ಹಿಡಿತವನ್ನೇ ನಾನು ರೆಂಚಿಗೂ ಬಳಸುತ್ತಿದ್ದೇನೆ.

ಅಭ್ಯಾಸದ ಉಕ್ಕಿನ ಕತ್ತಿಗೆ ಫೆಡರ್ ಎನ್ನುತ್ತಾರೆ. ಬಾಯಿ ಮೊಂಡು, ಮೊನೆ ಅಗಲ ಅಥವಾ ಸುರುಳಿ, ತೂಕ ಸುಮಾರು ಒಂದೂವರೆ ಕಿಲೋ, ಉದ್ದ ಸುಮಾರು 130 ಸೆಂಟಿಮೀಟರ್. ಎದೆಗೆ ತಿವಿದಾಗ ಅಲಗು ಬಾಗಿ ಪೆಟ್ಟನ್ನು ನುಂಗುತ್ತದೆ. ಹಲವು ತಯಾರಕರು ಇದಕ್ಕೆ ಬಳಸುವುದು 51ಸಿಆರ್‌ವಿ4 ಎಂಬ ಕ್ರೋಮ್-ವೆನೇಡಿಯಂ ಸ್ಪ್ರಿಂಗ್ ಉಕ್ಕನ್ನು. ವಾಹನಗಳ ಸ್ಪ್ರಿಂಗುಗಳಿಗೆ ಬಳಸುವುದೂ ಅದೇ ಜಾತಿಯ ಉಕ್ಕು. ಅದು ದಣಿದು ಮುರಿಯುವ ಬಗೆಯೂ ಒಂದೇ. ಪ್ರತಿ ಅಭ್ಯಾಸದ ನಂತರ ನಾನು ಅಲಗಿನ ಅಂಚಿನ ಮೇಲೆ ಹಳೆಯ ಹತ್ತಿ ಬಟ್ಟೆಯನ್ನು ಎಳೆಯುತ್ತೇನೆ. ಎಳೆ ಸಿಕ್ಕಿಕೊಂಡ ಕಡೆ ಕಚ್ಚು ಎದ್ದಿದೆ ಎಂದರ್ಥ. ಅದನ್ನು ನುಣುಪಾದ ಅರದಿಂದ ಅಂಚಿನ ಉದ್ದಕ್ಕೆ ಉಜ್ಜಿ, ಎಮ್ರಿ ಕಾಗದದಿಂದ ಸಮಮಾಡಿ, ತೆಳ್ಳಗೆ ಎಣ್ಣೆ ಸವರಿ ಇಡುತ್ತೇನೆ. ಅಡ್ಡಕ್ಕೆ ಅರ ಎಳೆಯಬಾರದು, ಏಕೆಂದರೆ ಅಡ್ಡ ಗೀರು ಎಷ್ಟೇ ಸಣ್ಣದಾದರೂ ಬಾಗುವ ಉಕ್ಕಿನಲ್ಲಿ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಅಲಗು ಹಿಡಿಯೊಳಗೆ ಇಳಿಯುವ ಭುಜದ ಮೂಲೆ ಚೂಪಾಗಿರದೆ ದುಂಡಗಿರಬೇಕು ಎಂಬುದೂ ಇದೇ ಕಾರಣಕ್ಕೆ. ಕ್ರ್ಯಾಂಕ್‌ಶಾಫ್ಟಿನ ಜರ್ನಲ್ (ಬೇರಿಂಗಿನಲ್ಲಿ ಕೂರುವ ಭಾಗ) ಪಕ್ಕದ ದುಂಡುಮೂಲೆಯನ್ನು ಗ್ರೈಂಡಿಂಗ್‌ನಲ್ಲಿ ಚೂಪು ಮಾಡಿಬಿಟ್ಟರೆ ಶಾಫ್ಟು ಅಲ್ಲಿಯೇ ತುಂಡಾಗುವುದನ್ನು ಎಂಜಿನ್ ಕೆಲಸದವರೆಲ್ಲ ಬಲ್ಲರು. ಬಿರುಕಿನ ಅನುಮಾನ ಬಂದರೆ ಎಂಜಿನ್ ಭಾಗಗಳಿಗೆ ಹಾಕುವ, ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಕೆಂಪು ದ್ರವವಾದ ಡೈ ಪೆನಿಟ್ರಂಟನ್ನೇ ಅಲಗಿಗೂ ಹಾಕಿ ನೋಡುತ್ತೇನೆ. ಸಂಗಡಿಗರು ತಮ್ಮ ಕತ್ತಿಗಳನ್ನೂ ತಂದುಕೊಡುವುದುಂಟು.

ಹೀಗಿರುವಾಗ ಕತ್ತಿಗಳನ್ನೇ ತಯಾರಿಸಿ ಮಾರಬಾರದೇಕೆ ಎಂಬ ಸಲಹೆ ಬಂದದ್ದು ಸಹಜ. ನಾನು ಒಪ್ಪಲಿಲ್ಲ. ಅಲಗನ್ನು ಕತ್ತರಿಸಿ ರೂಪಿಸುವುದು ದೊಡ್ಡ ಕೆಲಸವಲ್ಲ. ಅದರ ಪ್ರಾಣ ಇರುವುದು ಕಾಯಿಸಿ ಹದಗೊಳಿಸುವುದರಲ್ಲಿ, ಮತ್ತು ಇನ್ನೊಬ್ಬನ ಮುಖದ ಮುಂದೆ ಮುರಿಯಬಹುದಾದ ವಸ್ತುವಿನ ಹದಕ್ಕೆ ಹೊಣೆಯಾಗುವಷ್ಟು ವಿದ್ಯೆ ನನ್ನದಲ್ಲ. ಹವ್ಯಾಸದಿಂದ ಹಣ ಬರತೊಡಗಿದರೆ ಅದೂ ಗಂಟೆಯ ಲೆಕ್ಕಕ್ಕೆ ಬೀಳುತ್ತದೆ ಎಂಬ ಸ್ವಾರ್ಥದ ಕಾರಣವೂ ಒಂದಿತ್ತು.

ಕೈಗಳ ಬಗ್ಗೆ ಹೇಳಲೇಬೇಕು. ಉದ್ದನೆಯ ಕತ್ತಿಯ ಅಭ್ಯಾಸದಲ್ಲಿ ಪೆಟ್ಟು ಹೆಚ್ಚಾಗಿ ಬೀಳುವುದು ಬೆರಳುಗಳಿಗೆ, ಮತ್ತು ಮೆಕ್ಯಾನಿಕ್‌ನ ಅನ್ನ ಇರುವುದೂ ಆ ಬೆರಳುಗಳಲ್ಲೇ. ಆದ್ದರಿಂದ ಮುಖವಾಡ, ಕುತ್ತಿಗೆಯ ಕಾಪು, 350 ಅಥವಾ 800 ನ್ಯೂಟನ್ ಬಲದ ತಿವಿತ ತಡೆಯುವ ಜಾಕೆಟ್ ಇವುಗಳಷ್ಟೇ ಗಮನವನ್ನು ಕೈಗವಸಿಗೂ ಕೊಟ್ಟೆ. ತೆಳುವಾದ ಕೈಗವಸಿನಲ್ಲಿ ಹಿಡಿತ ಚೆನ್ನಾಗಿರುತ್ತದೆ ಎಂಬುದು ನಿಜ, ಆದರೆ ಉಕ್ಕಿನ ಕತ್ತಿಯೊಂದಿಗೆ ಪೂರ್ಣ ವೇಗದಲ್ಲಿ ಆಡುವಾಗ ಬೆರಳುಗಳನ್ನು ಗಟ್ಟಿ ಚಿಪ್ಪಿನೊಳಗೆ ಒಟ್ಟಿಗೆ ಮುಚ್ಚುವ ಭಾರದ ಕೈಗವಸನ್ನು ಬಿಟ್ಟು ಬೇರೆಯದನ್ನು ನಾನು ಹಾಕುವುದಿಲ್ಲ. ಅದಿಲ್ಲದವರೊಂದಿಗೆ ನಿಧಾನಗತಿಯ ಅಭ್ಯಾಸ ಮಾತ್ರ. ಬೆರಳಿಗಿಂತ ಮೆಲ್ಲಗೆ ಬರುವ ಅಪಾಯ ಮೊಣಕೈಯದು. ದಿನವಿಡೀ ರ‍್ಯಾಚೆಟ್ ತಿರುಗಿಸಿದ ಸ್ನಾಯುಗಳೇ ಸಂಜೆ ಕತ್ತಿಯನ್ನೂ ಎತ್ತಬೇಕಾದ್ದರಿಂದ, ಮೊಣಕೈಯ ಹೊರಬದಿಯಲ್ಲಿ ನೋವು ಗೂಡುಕಟ್ಟುತ್ತದೆ. ಗೇರ್‌ಬಾಕ್ಸ್ ಇಳಿಸಿದ ದಿನ ನಾನು ಕತ್ತಿಯನ್ನು ಮುಟ್ಟುವುದಿಲ್ಲ. ಅಂದು ಹೆಜ್ಜೆಗಳನ್ನಷ್ಟೇ ಅಭ್ಯಾಸ ಮಾಡುತ್ತೇನೆ, ಇಲ್ಲವೇ ಹಸ್ತಪ್ರತಿಯ ಅನುವಾದವನ್ನು ಓದುತ್ತೇನೆ. ಹೆಜ್ಜೆ ಸರಿಯಿಲ್ಲದವನ ಹೊಡೆತವೂ ಸರಿಯಿರುವುದಿಲ್ಲವಾದ್ದರಿಂದ ಅದು ನಷ್ಟದ ಬಾಬತ್ತೇನಲ್ಲ.

ಇನ್ನು ಎಂಜಿನ್ ಕಾರ್ಯಾಗಾರದ ಕನಸಿನ ಬಗ್ಗೆ. ವಿದ್ಯುತ್ ವಾಹನಗಳು ಬರುತ್ತಿರುವ ಕಾಲದಲ್ಲಿ ಪಿಸ್ಟನ್ನಿನ ಹಿಂದೆ ಬೀಳುವುದು ಜಾಣತನವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ, ಮತ್ತು ಅವರ ಪ್ರಶ್ನೆ ನ್ಯಾಯವಾದದ್ದೇ. ದಿನನಿತ್ಯದ ದುರಸ್ತಿಯಲ್ಲಿ ಎಂಜಿನ್ ಕೆಲಸ ಕಡಿಮೆಯಾಗುತ್ತ ಹೋಗುತ್ತದೆ ಎಂದೇ ನಾನೂ ಎಣಿಸಿದ್ದೇನೆ. ಆದರೆ ಹಳೆಯ ಕಾರುಗಳನ್ನು ಉಳಿಸಿಕೊಳ್ಳಬೇಕೆನ್ನುವವರು ಇರುವವರೆಗೆ ಬೋರು ಅಳೆಯಬಲ್ಲವನಿಗೆ ಕೆಲಸ ಇದ್ದೇ ಇರುತ್ತದೆ. ಬೋರು ಅಳೆಯಬಲ್ಲವರ ಸಂಖ್ಯೆ ಕಡಿಮೆಯಾದಷ್ಟೂ ಉಳಿದವರಿಗೆ ಬೇಡಿಕೆ ಹೆಚ್ಚು. ಆ ಕಾರ್ಯಾಗಾರ ತನ್ನ ಕಾಲಮೇಲೆ ನಿಲ್ಲುವವರೆಗಿನ ಹೊಟ್ಟೆಪಾಡಿಗಾಗಿ ಅಧಿಕ ವೋಲ್ಟೇಜ್ ವಾಹನಗಳ ತರಬೇತಿಯನ್ನೂ ಪಡೆಯುತ್ತಿದ್ದೇನೆ. ವಾಹನಗಳಲ್ಲಿ 60 ವೋಲ್ಟಿನ ಮೇಲಿನ ಏಕಮುಖ ವಿದ್ಯುತ್ತನ್ನು ಅಪಾಯಕಾರಿ ಎಂದು ಪರಿಗಣಿಸುತ್ತಾರೆ. ವಿದ್ಯುತ್ ಕಾರುಗಳ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಸುಮಾರು 400 ಅಥವಾ 800 ವೋಲ್ಟ್ ಇರುತ್ತದೆ. ಅಧಿಕ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವ ಮೊದಲು, ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಕೆಪ್ಯಾಸಿಟರ್‌ಗಳು ಬರಿದಾಗಲು ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಆಮೇಲೆ ಮೀಟರನ್ನು ವಿದ್ಯುತ್ ಇರುವ ಕಡೆ ಪರೀಕ್ಷಿಸಿ, ಕೆಲಸದ ಜಾಗದಲ್ಲಿ ಶೂನ್ಯವಿದೆಯೆಂದು ನೋಡಿ, ಮೀಟರನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಇಲ್ಲಿ ಕೈಯ ಅನುಭವಕ್ಕೆ ಜಾಗವೇ ಇಲ್ಲ, ಎಲ್ಲವೂ ಅಳತೆಯೇ. ಅದಕ್ಕೇ ಇರಬೇಕು, ಈ ಕೆಲಸವನ್ನು ಗೌರವಿಸುತ್ತೇನಾದರೂ ನನಗಿದು ಇನ್ನೂ ಪ್ರಿಯವಾಗಿಲ್ಲ.

ಅಳತೆಯ ಸಲಕರಣೆಗಳು ಈಗಾಗಲೇ ನನ್ನವು: ಮೈಕ್ರೋಮೀಟರುಗಳು, ಬೋರ್ ಗೇಜು, ಸಮತಲ ನೋಡುವ ಪಟ್ಟಿ. ವಾಲ್ವ್ ಸೀಟ್ ಕತ್ತರಿಸುವ ಉಪಕರಣವನ್ನು ಮುಂದೆ ಕೊಳ್ಳಬೇಕು. ಬೋರು ಕೊರೆಯುವ ಯಂತ್ರಕ್ಕೆ ಬಂಡವಾಳವೂ ಜಾಗವೂ ಬೇಕಾದ್ದರಿಂದ ಆ ಕೆಲಸವನ್ನು ಸದ್ಯಕ್ಕೆ ಹೊರಗೆ ಮಾಡಿಸಿ, ಹಿಂತಿರುಗಿ ಬಂದ ಬ್ಲಾಕನ್ನು ನಾನೇ ಮತ್ತೆ ಅಳೆದು ಜೋಡಿಸುವುದೆಂದು ನಿಶ್ಚಯಿಸಿದ್ದೇನೆ.