ಶಿವಮೊಗ್ಗದಲ್ಲಿ ಒಳ್ಳೆಯ ಟಾಕೋ ಹುಡುಕುವ ಬಗೆ

ಟಾಕೋ ಎಂದರೆ ಹೂರಣ ತುಂಬಿ ಮಡಚಿದ ಮೆಕ್ಸಿಕನ್ ರೊಟ್ಟಿ. ಕುವೆಂಪು ರಸ್ತೆ, ದುರ್ಗಿಗುಡಿ ಕಡೆಯ ಕೆಫೆಗಳಿಂದ ಶುರುಮಾಡಿ. ಮೆನುವಿನಲ್ಲಿ ಪಿಜ್ಜಾ, ಮೊಮೊ, ನೂಡಲ್ಸ್ ಜೊತೆಗೆ ಟಾಕೋನೂ ಇದ್ದರೆ ದೊಡ್ಡ ಆರ್ಡರ್ ಬೇಡ. ಮೊದಲು ಸಾಲ್ಸಾ ಎಂಬ ಚಟ್ನಿ ತರಿಸಿ: ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆಹುಳಿ ಬಾಯಿಗೆ ಬೇರೆಬೇರೆಯಾಗಿ ಸಿಗಬೇಕು. ಕೆಚಪ್ಪಿನಂತೆ ಸಿಹಿಯಾಗಿದ್ದರೆ ಬಿಲ್ ಕೊಟ್ಟು ಎದ್ದುಬಿಡಿ.

ಆಮೇಲೆ ಟೋರ್ಟಿಯಾ, ಅಂದರೆ ಟಾಕೋದ ರೊಟ್ಟಿ, ಯಾವ ಹಿಟ್ಟಿನದು ಎಂದು ಕೇಳಿ. ಮೆಕ್ಸಿಕನ್ ಟಾಕೋಗೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬುತ್ತಾರೆ. ಹಿಟ್ಟಿಗೆ ಅಂಟು ಬರುವುದು ಅದರಿಂದಲೇ. ಹಾಗೆ ಸುಣ್ಣದಲ್ಲಿ ಬೇಯಿಸದ ಬರೀ ಮೆಕ್ಕೆಜೋಳದ ಹಿಟ್ಟಿನದು ಮಡಚಿದ ಕೂಡಲೇ ಬಿರಿಯುತ್ತದೆ. ಮೈದಾ ಟೋರ್ಟಿಯಾ, ಧಾರಾಳ ಹಳದಿ ಚೀಸ್, ಜೀರಿಗೆಯ ಘಮ ಇದ್ದರೆ ಅದು ಟೆಕ್ಸ್-ಮೆಕ್ಸ್, ಅಂದರೆ ಅಮೆರಿಕದ ಟೆಕ್ಸಾಸ್ ಕಡೆಯ ಮೆಕ್ಸಿಕನ್ ಅಡುಗೆ. ಅದೂ ರುಚಿಯೇ, ಕಾವಲಿಯಿಂದ ನೇರ ತಟ್ಟೆಗೆ ಬಂದರೆ.

ಬೆಣ್ಣೆಹಣ್ಣು ಕಿವುಚಿ ಕಲಸಿದ ಗ್ವಾಕಮೋಲೆಯನ್ನು ಮಳೆಗಾಲದಲ್ಲಿ ಕೇಳಿ, ಹಣ್ಣು ಆಗ ನಮ್ಮ ಸುತ್ತಲ ತೋಟಗಳಲ್ಲೇ ಸಿಗುತ್ತದೆ. ಕಂದು ತಿರುಗಿದ್ದರೆ ಕಲಸಿ ಬಹಳ ಹೊತ್ತಾಗಿದೆ, ವಾಪಸ್ ಕಳಿಸಿ.